ಫ್ಯೂಸ್ ಹಾಕಲು ಬಾರದವನ ಕಾಲಯಾನ

ಮೊನ್ನೆ ಸಂಜೆ ಮಿಕ್ಸಿ ತಿರುಗಿಸಿದ್ದೇ ತಡ, ಮನೆಯ ಕರೆಂಟು ಹೋಯಿತು. "ಫ್ಯೂಸ್ ಹೋಗಿರ್ಬೇಕು, ಸ್ವಲ್ಪ ನೋಡ್ರೀ" ಎಂದು ಅಡುಗೆಮನೆಯಿಂದ ಅಪ್ಪಣೆಯಾಯಿತು. ನೋಡಿದೆ. ಬಾಗಿಲ ಪಕ್ಕದ ಪೆಟ್ಟಿಗೆಯ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಡಾಕ್ಟರು ರೋಗಿಯ ಗಂಟಲು ನೋಡುವ ಗಾಂಭೀರ್ಯದಲ್ಲಿ ಇಣುಕಿ, "ಹೂಂ" ಎಂದು ಮುಚ್ಚಿದೆ. ಆಮೇಲೆ ಪಕ್ಕದ ಮನೆಯ ಹತ್ತನೇ ಕ್ಲಾಸಿನ ಹುಡುಗ ಬಂದು, ಒಳಗೆ ಏನೋ ಒಂದನ್ನು ಟಕ್ ಎಂದು ಮೇಲೆತ್ತಿ, ನನ್ನ ಕಡೆ ನೋಡದೆ ಹೋದ. ನೋಡದೆ ಹೋದದ್ದು ಅವನ ದೊಡ್ಡತನ.

ಅವನು ಬರುವ ತನಕ ಮೊಬೈಲ್ ಬೆಳಕಿನಲ್ಲಿ ನಾನು ಓದುತ್ತಿದ್ದದ್ದು, ಆರನೇ ಶತಮಾನದ ಇಂಗ್ಲೆಂಡಿಗೆ ಹೋಗಿ ಬಿದ್ದು ಅಲ್ಲಿ ಕರೆಂಟು ತಯಾರಿಸಿದವನ ಕಥೆ.

ಮಾರ್ಕ್ ಟ್ವೇನ್ 1889ರಲ್ಲಿ ಪ್ರಕಟಿಸಿದ 'ಎ ಕನೆಕ್ಟಿಕಟ್ ಯಾಂಕೀ ಇನ್ ಕಿಂಗ್ ಆರ್ಥರ್ಸ್ ಕೋರ್ಟ್' ಅದು. ಕಾಲಯಾನ ಎಂದರೆ ಯಂತ್ರವೊಂದು ಬೇಕೇ ಬೇಕು ಎಂದು ನಾವು ನಂಬಿದ್ದೇವಲ್ಲ, ಎಚ್. ಜಿ. ವೆಲ್ಸ್ ಆ ಯಂತ್ರ ಕೂರಿಸಿದ್ದು 1895ರಲ್ಲಿ. ಟ್ವೇನನಿಗೆ ಅಷ್ಟು ಖರ್ಚಿಲ್ಲ. ಬಂದೂಕು ಕಾರ್ಖಾನೆಯ ಮೇಸ್ತ್ರಿ ಹ್ಯಾಂಕ್ ಮಾರ್ಗನ್ ಜಗಳವಾಡುತ್ತಾನೆ, ಎದುರಾಳಿ ಹಾರೆಯಿಂದ ತಲೆಗೊಂದು ಬಾರಿಸುತ್ತಾನೆ, ಕಣ್ಣು ಬಿಟ್ಟರೆ ಕ್ರಿ.ಶ. 528, ಆರ್ಥರ್ ರಾಜನ ಕ್ಯಾಮೆಲಾಟ್. ಟಿಕೆಟ್ ಅಷ್ಟೇ. ಅಲ್ಲಿಂದ ಮುಂದೆ ಅವನು ಟೆಲಿಫೋನು, ಪತ್ರಿಕೆ, ಸೋಪು, ಶಾಲೆ ಒಂದೊಂದಾಗಿ ಹುಟ್ಟಿಸಿ 'ದಿ ಬಾಸ್' ಎನಿಸಿಕೊಳ್ಳುತ್ತಾನೆ. ಸರದಾರರ ಎದೆಗೆ ಬೆನ್ನಿಗೆ ಸೋಪಿನ ಜಾಹೀರಾತಿನ ಹಲಗೆ ನೇತುಹಾಕಿ ಊರೂರು ಅಲೆಸುತ್ತಾನೆ.

ನನಗೆ ಕಾಡಿದ ಪ್ರಶ್ನೆ ಒಂದೇ. ಹಾರೆ ನನ್ನ ತಲೆಗೆ ಬಿದ್ದಿದ್ದರೆ?

528ರಲ್ಲಿ ನಮ್ಮ ಕಡೆ ಕದಂಬರು. ಮೊದಲನೇ ಪುಲಕೇಶಿ ಬಾದಾಮಿ ಕೋಟೆ ಕಟ್ಟಿಸಲು ಇನ್ನೂ 15 ವರ್ಷ ಬಾಕಿ. ಬನವಾಸಿಯ ಬೀದಿಯಲ್ಲಿ ಎದ್ದು ಕೂತು ನೀರು ಕೇಳೋಣವೆಂದರೆ ಅಲ್ಲಿನದು ಹಲ್ಮಿಡಿ ಶಾಸನದ ಕಾಲದ ಕನ್ನಡ. ಆ ಶಾಸನವನ್ನು ನಾನು ಕಂಡದ್ದು ಪಠ್ಯಪುಸ್ತಕದ ಮಸುಕು ಚಿತ್ರದಲ್ಲಿ, ಅದೂ ಎರಡು ಅಂಕಕ್ಕಾಗಿ. ಕೈಸನ್ನೆ ಮಾಡಿ ಊಟ ಸಿಕ್ಕಿತು ಎನ್ನಿ, ಸಾರಿಗೆ ಮೆಣಸಿನಕಾಯಿ ಇಲ್ಲ. ಅದು ಪೋರ್ಚುಗೀಸರ ಜೊತೆ ಬರಲು ಸಾವಿರ ವರ್ಷ ಕಾಯಬೇಕು. "ಕಾಫಿ ಇಲ್ಲದ ಕಡೆ ನೀವು ಬೆಳಗ್ಗೆ ಎದ್ದು ಬಾಸ್ ಆಗೋದಿರ್ಲಿ, ಎದ್ದರೆ ಸಾಕು" ಎಂದಳು ಹೆಂಡತಿ. ನನಗೆ ಗೊತ್ತಿರುವ ವಿದ್ಯೆಗಳ ಪಟ್ಟಿ ಹಾಕಿದೆ: ರೀಚಾರ್ಜ್ ಮಾಡುವುದು, ಪಾಸ್‌ವರ್ಡ್ ಮರೆಯುವುದು, ಅರ್ಜಿಯ ಜೊತೆ ಲಗತ್ತಿಸುವುದು. ಸೋಪು ಹೇಗಾಗುತ್ತದೆಂದು ಗೊತ್ತಿಲ್ಲ. ಅಂಗಡಿಯಲ್ಲಿ ಆಗುತ್ತದೆ.

ಹ್ಯಾಂಕ್ ಬದುಕಿಕೊಂಡದ್ದು ಸೂರ್ಯಗ್ರಹಣದಿಂದ. ಇನ್ನೇನು ಅವನನ್ನು ಸುಡಬೇಕು, ಆಗ 528ರ ಜೂನ್ 21ರ ಮಧ್ಯಾಹ್ನ ಹನ್ನೆರಡು ಗಂಟೆ ಮೂರು ನಿಮಿಷಕ್ಕೆ ಗ್ರಹಣವಿದೆ ಎನ್ನುವುದು ಪುಣ್ಯಕ್ಕೆ ಅವನಿಗೆ ನೆನಪಿದೆ. ಸೂರ್ಯನನ್ನೇ ಆರಿಸಿಬಿಡುತ್ತೇನೆ ಎಂದು ಹೆದರಿಸಿ ಗೆಲ್ಲುತ್ತಾನೆ. ಆ ದಿನ ನಿಜವಾಗಿ ಯಾವ ಗ್ರಹಣವೂ ಇರಲಿಲ್ಲ, ಟ್ವೇನ್ ತನ್ನ ಕಥೆಗೆ ಬೇಕಾದಲ್ಲಿ ಹಿಡಿಸಿಕೊಂಡಿದ್ದಾನೆ. ಇರಲಿ. ನಾನು ಬನವಾಸಿಯಲ್ಲಿ ಈ ಆಟ ಆಡಲು ಹೋದರೆ ಏನಾಗುತ್ತಿತ್ತು? ಆರ್ಯಭಟ ಗ್ರಹಣವೆಂದರೆ ಬರೀ ನೆರಳು ಎಂದು ಬರೆದಿಟ್ಟು ಆಗಲೇ 29 ವರ್ಷ. ಆಸ್ಥಾನದ ಜೋಯಿಸರು ಬೆರಳು ಮಡಿಸಿ, "ಸ್ಪರ್ಶಕಾಲ ತಪ್ಪು ಹೇಳ್ತಿದ್ದೀಯಲ್ಲಪ್ಪ" ಎಂದು ತಿದ್ದಿ, ಸ್ನಾನಕ್ಕೆ ಹೊರಡುತ್ತಿದ್ದರು. ಸುಡುವ ಕೆಲಸ ಮೋಕ್ಷಕಾಲದ ನಂತರಕ್ಕೆ ಮುಂದೂಡಲ್ಪಡುತ್ತಿತ್ತು, ಅಷ್ಟೇ ಲಾಭ.

ಇಡೀ ಪುಸ್ತಕದಲ್ಲಿ ಹ್ಯಾಂಕ್ ನನ್ನವನೇ ಅನ್ನಿಸಿದ್ದು ಒಂದು ಕಡೆ ಮಾತ್ರ. ಉಕ್ಕಿನ ಕವಚ ತೊಟ್ಟು, ಸ್ಯಾಂಡಿ ಎಂಬ ಮಾತಿನಮಲ್ಲಿಯನ್ನು ಹಿಂದೆ ಕೂರಿಸಿಕೊಂಡು ಕುದುರೆ ಮೇಲೆ ಹೊರಟಿದ್ದಾನೆ. ಬಿಸಿಲು. ಬೆವರು ಕಣ್ಣಿಗಿಳಿಯುತ್ತಿದೆ. ಕರವಸ್ತ್ರ ಇದೆ, ಆದರೆ ಶಿರಸ್ತ್ರಾಣದೊಳಗೆ. ಅದನ್ನು ತಾನೇ ತೆಗೆಯಲು ಬರುವುದಿಲ್ಲ. ತುರಿಕೆ ಶುರುವಾಗುತ್ತದೆ, ಕೆರೆದುಕೊಳ್ಳುವಂತಿಲ್ಲ. ಸಾಲದ್ದಕ್ಕೆ ಒಂದು ನೊಣ ಒಳಹೊಕ್ಕು ಮೂಗಿನ ಮೇಲೆ ಬಿಡಾರ ಹೂಡುತ್ತದೆ. ಕಡೆಗೆ ಸ್ಯಾಂಡಿ ಶಿರಸ್ತ್ರಾಣ ಕಳಚಿ, ಅದರಲ್ಲೇ ನೀರು ತಂದು, ಕುಡಿದು ಉಳಿದದ್ದನ್ನು ಕವಚದೊಳಗೆ ಸುರಿಯುತ್ತಾಳೆ. ಫುಲ್‌ಫೇಸ್ ಹೆಲ್ಮೆಟ್ ಹಾಕಿ, ಕೈಗೆ ಗ್ಲೌಸ್ ತೊಟ್ಟು, ಸಿಗ್ನಲ್ಲಿನಲ್ಲಿ 120 ಸೆಕೆಂಡು ಇಳಿಯುವುದನ್ನೇ ನೋಡುತ್ತ ಮೂಗಿನ ನವೆ ತಡೆದುಕೊಂಡವರಿಗೆ ಈ ಪುಟಗಳನ್ನು ವಿವರಿಸಬೇಕಾಗಿಲ್ಲ. ಟ್ವೇನನ ನೋಟ್‌ಬುಕ್ಕಿನಲ್ಲಿ ಈ ಕಾದಂಬರಿ ಮೊಳಕೆಯೊಡೆದದ್ದೇ ಹೀಗಂತೆ: ಕನಸಿನಲ್ಲಿ ತಾನು ಕವಚ ತೊಟ್ಟ ಸರದಾರ, ಜೇಬಿಲ್ಲ, ಕೆರೆದುಕೊಳ್ಳಲಾಗುತ್ತಿಲ್ಲ.

ನಡುಭಾಗ ಎಳೆದಿದೆ, ಸುಳ್ಳೇಕೆ. ಸ್ಯಾಂಡಿ ಕಥೆ ಹೇಳತೊಡಗಿದರೆ ನಿಲ್ಲಿಸುವುದಿಲ್ಲ, ಟ್ವೇನ್ ಭಾಷಣ ಶುರುಮಾಡಿದರೂ ಅಷ್ಟೇ. ಆದರೆ ಅಷ್ಟರಲ್ಲಿ ಕಂಬದ ಮೇಲೆ ನಿಂತು ಹಗಲೆಲ್ಲ ಬಗ್ಗಿ ಏಳುವ ಸಂನ್ಯಾಸಿಯೊಬ್ಬ ಬರುತ್ತಾನೆ. ಹ್ಯಾಂಕ್ ಗಡಿಯಾರ ಹಿಡಿದು ಎಣಿಸುತ್ತಾನೆ: 24 ನಿಮಿಷ 46 ಸೆಕೆಂಡಿನಲ್ಲಿ 1,244 ಸಲ. ಇಷ್ಟು ಶಕ್ತಿ ವ್ಯರ್ಥವಾಗಬಾರದೆಂದು ಅವನಿಗೊಂದು ಹೊಲಿಗೆ ಯಂತ್ರ ಜೋಡಿಸಿ ಅಂಗಿ ಹೊಲಿಸುತ್ತಾನೆ! ಮ್ಯಾನೇಜ್‌ಮೆಂಟ್ ಎಂಬ ಶಾಸ್ತ್ರದ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಬರೆದದ್ದು ನಾನು ಓದಿಲ್ಲ. ಮುಂದೆ ರಾಜನನ್ನು ಗಲ್ಲಿನಿಂದ ಬಿಡಿಸಲು 500 ಸರದಾರರು ಕವಚ ಸಮೇತ ಸೈಕಲ್ ತುಳಿದುಕೊಂಡು ಬರುವಾಗ ನಾನು ನಕ್ಕ ಸದ್ದಿಗೆ ಹೆಂಡತಿ ಕತ್ತಲಲ್ಲೇ ಎದ್ದು ಬಂದಳು.

ಆಮೇಲೆ ನಗು ನಿಂತಿತು. ಕೊನೆಯ ಯುದ್ಧದಲ್ಲಿ ಹ್ಯಾಂಕ್ ಮತ್ತು ಅವನ 53 ಜನ ಗುಹೆಯ ಸುತ್ತ ತಂತಿ ಬೇಲಿ ಹಾಕಿ ಕರೆಂಟು ಹರಿಸುತ್ತಾರೆ. ಕತ್ತಲಲ್ಲಿ ಸದ್ದಿಲ್ಲದೆ ಬರುವ ಸರದಾರರು ತಂತಿ ಮುಟ್ಟಿ ನಿಂತಲ್ಲೇ ಸಾಯುತ್ತಾರೆ. ಕರೆಂಟಿಗೆ, ಗುಂಡಿಗೆ, ನೀರಿಗೆ ಸಿಕ್ಕಿ 25,000 ಹೆಣ. ಗೆದ್ದವರು ಆ ಹೆಣಗಳ ನಡುವೆಯೇ ಸಿಕ್ಕಿಕೊಂಡು ಕೊಳೆತ ಗಾಳಿಗೆ ಕಾಯಿಲೆ ಬೀಳುತ್ತಾರೆ. ಸೋಪು ಮಾಡಿದ ಅದೇ ಕೈ. ಯಂತ್ರವೆಂದರೆ ಜೀವ ಬಿಡುತ್ತಿದ್ದ ಟ್ವೇನನೂ ಅಚ್ಚುಮೊಳೆ ಜೋಡಿಸುವ ಯಂತ್ರವೊಂದರ ಮೇಲೆ ಹಣ ಸುರಿದು 1894ರಲ್ಲಿ ದಿವಾಳಿಯಾದ. ಸಾಲ ತೀರಿಸಲು ಭಾಷಣ ಮಾಡುತ್ತ 1896ರಲ್ಲಿ ಮುಂಬೈಗೂ ಬಂದಿಳಿದ.

ಹುಡುಗ ಟಕ್ ಎನಿಸಿದಾಗ ದೀಪ ಬಂದದ್ದು ನಾನು ಈ ಬೇಲಿಯ ಪುಟಗಳಲ್ಲಿದ್ದಾಗ. ಎದ್ದು ಹೋಗಿ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಹಾಕಿದೆಯೇ ಎಂದು ನೋಡಿಬಂದೆ.

ಹಾಸ್ಯ ಕಾದಂಬರಿ ಎಂದು ಇದನ್ನು ಮಕ್ಕಳಿಗೆ ಓದಿ ಹೇಳುವವರಲ್ಲಿ ಒಂದು ವಿನಂತಿ. ಸೈಕಲ್ ಸರದಾರರ ತನಕ ಜೋರಾಗಿ ಓದಿ. ಅಲ್ಲಿಂದ ಮುಂದಿನದನ್ನು ಮೊದಲು ನೀವೊಬ್ಬರೇ ಓದಿಕೊಳ್ಳಿ.