ಎರಡನೆಯ ಗೋಕಾಕ ವರದಿ: ಅಗ್ಗದ ಗೇಮಿಂಗ್ ಪಿಸಿಯ ಕೊಟೇಶನ್ನು, ಪಾಠಾಂತರ ಮತ್ತು ಟೀಕೆಗಳೊಂದಿಗೆ

ಮೊದಲನೆಯ ಗೋಕಾಕ ವರದಿಗೂ ಗೋಕಾಕ ಪಟ್ಟಣಕ್ಕೂ ಏನೇನೂ ಸಂಬಂಧವಿರಲಿಲ್ಲ. 1981ರಲ್ಲಿ ಅದನ್ನು ಸರ್ಕಾರಕ್ಕೆ ಒಪ್ಪಿಸಿದ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಮರುವರ್ಷ ಅದರ ಜಾರಿಗಾಗಿ ಡಾ. ರಾಜ್‌ಕುಮಾರ್ ಬೀದಿಗಿಳಿದಾಗ ನಾಡೆಲ್ಲ ಕೂಗಿದ್ದು ಆ ಹಿರಿಯರ ಹೆಸರನ್ನೇ ಹೊರತು ಜಲಪಾತದ ಊರಿನ ಹೆಸರನ್ನಲ್ಲ. ಈ ಚಾರಿತ್ರಿಕ ಕೊರತೆಯನ್ನು ತುಂಬಿಕೊಡುವುದು ಪ್ರಸ್ತುತ ವರದಿಯ ಮೊದಲ ಉದ್ದೇಶ. ಇದು ಅಪ್ಪಟ ಗೋಕಾಕದ್ದು. ಮೂಡಲಗಿ, ಹುಕ್ಕೇರಿಗಳ ಪಾಲೂ ಇದರಲ್ಲುಂಟು. ಇದರ ಜಾರಿಗೆ ಯಾರೂ ಬೀದಿಗಿಳಿಯಬೇಕಾಗಿಲ್ಲ, ಅಪ್ಪ ಜೇಬಿಗೆ ಕೈ ಇಳಿಸಿದರೆ ಸಾಕು.

ಶಾಸ್ತ್ರಗ್ರಂಥ ಬರೆಯುವವರು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಇಲ್ಲಿ ಅಧಿಕಾರಿ ಎಂದರೆ ಪಿಯುಸಿ ಮುಗಿಸಿದ, ಮೊಬೈಲಿನಲ್ಲಿ ಬಿಜಿಎಂಐ ಆಡಿ ಆಡಿ ಹೆಬ್ಬೆರಳು ಸವೆಸಿಕೊಂಡ ಹುಡುಗ. ವಿಷಯ, ಮೊದಲ ಗೇಮಿಂಗ್ ಪಿಸಿ. ಸಂಬಂಧ, ಅಪ್ಪ-ಮಗನದು, ರೊಕ್ಕ ಕೇಳುವ ತನಕ ಮಧುರ. ಪ್ರಯೋಜನದಲ್ಲಿ ಮಾತ್ರ ದ್ವೈತವಿದೆ. ಅಪ್ಪನ ಮುಂದೆ ಹೇಳುವ ಪ್ರಯೋಜನ ಸಿಇಟಿ, ಕೋಡಿಂಗು, ಆನ್‌ಲೈನ್ ಕ್ಲಾಸು. ಒಳಗಿನ ಪ್ರಯೋಜನ ಜಿಟಿಎ 5 ಮತ್ತು ವ್ಯಾಲರಂಟ್. ಎರಡೂ ಒಂದೇ ಪೆಟ್ಟಿಗೆಯಲ್ಲಿ ಸಿದ್ಧಿಸುತ್ತವೆ ಎಂಬ ಅದ್ವೈತದ ಮೇಲೆ ಇಡೀ ಶಾಸ್ತ್ರ ನಿಂತಿದೆ.

ಇನ್ನು ಹಸ್ತಪ್ರತಿಗಳ ವಿಚಾರ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನೊಬ್ಬ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಬರೆಸಿಕೊಂಡು ವಾಟ್ಸಾಪಿಗೆ ಹಾಕಿದ ಕೊಟೇಶನ್ ಚೀಟಿಯ ಫೋಟೊ ಮೂಲಪ್ರತಿ. ಅದು ಡಿಲೀಟ್ ಆಗಿಹೋಗಿ ಈಗ ಅಲಭ್ಯ. ಅದನ್ನು ನೋಡಿ ಮೂವರು ತಮ್ಮಂದಿರು ಬರೆದುಕೊಂಡ ಮೂರು ಪ್ರತಿಗಳು ಉಳಿದಿವೆ: ಗೋಕಾಕದ್ದು ‘ಗೋ’, ಮೂಡಲಗಿಯದು ‘ಮೂ’, ಹುಕ್ಕೇರಿಯದು ‘ಹು’. ‘ಗೋ’ ಪ್ರತಿ ಇರುವುದು ಕರದಂಟಿನ ಡಬ್ಬಿಯ ಮುಚ್ಚಳದ ಒಳಮೈಯಲ್ಲಿ. ತುಪ್ಪದ ಕಲೆ ಬಿದ್ದು ಅದರ ಎರಡನೆಯ ಸಾಲು ಓದಲು ಬರುವುದಿಲ್ಲ. ‘ಮೂ’ ಪ್ರತಿ ಸಕ್ಕರೆ ಕಾರ್ಖಾನೆಯ ತೂಕದ ಚೀಟಿಯ ಹಿಂಬದಿ, ‘ಹು’ ಕರೆಂಟ್ ಬಿಲ್ಲಿನ ಹಿಂಬದಿ. ಲಿಪಿಕಾರರ ಬುದ್ಧಿಯ ಮೇಲೆ ಅವರು ಬರೆದ ಕಾಗದದ ಪ್ರಭಾವವಿದೆ ಎಂಬುದು ಈ ಸಂಪಾದಕನ ಸಿದ್ಧಾಂತ. ಮೂರೂ ಪ್ರತಿಗಳ ಅಂಚಿನಲ್ಲಿ ಅಪ್ಪಂದಿರ ಟೀಕೆಯುಂಟು. ಕೆಲವೆಡೆ ಅವ್ವಂದಿರ ಟಿಪ್ಪಣಿ.

‘ಮೂ’ ಪ್ರತಿಯ ವೈಶಿಷ್ಟ್ಯವೆಂದರೆ ಅದರಲ್ಲಿ ಬೆಲೆಗಳು ರೂಪಾಯಿಯಲ್ಲಿಲ್ಲ, ಟನ್ನಿನಲ್ಲಿವೆ. ಇದು ಪ್ರಮಾದವಲ್ಲ, ಅರ್ಥಶಾಸ್ತ್ರ. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3500 ರೂಪಾಯಿ ಕೊಡಿರೆಂದು ರಸ್ತೆಯಲ್ಲೇ ಕೂತರು; ನವೆಂಬರ್ ಮೊದಲ ವಾರ ಮುಗಿಯುವಾಗ ಮಾತು 3300ಕ್ಕೆ ನಿಂತಿತು. ಪಿಸಿಯ ಬಜೆಟ್ಟು ನಲವತ್ತು ಸಾವಿರವೆಂದರೆ ಈ ಲೆಕ್ಕದಲ್ಲಿ ಹನ್ನೆರಡು ಟನ್ನು ಕಬ್ಬು. ಎರಡು ಟ್ರೇಲರಿನ ಟ್ರ್ಯಾಕ್ಟರಿಗೆ ಒಂದು ಟ್ರಿಪ್ಪೂ ಆಗದಷ್ಟು. ಆದರೆ ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ಟನ್ನಿಗೆ 200 ರೂಪಾಯಿಯ ಅಂತರ, ಹನ್ನೆರಡು ಟನ್ನಿಗೆ 2400. ಪಿಸಿಯೊಳಗೆ ಕರೆಂಟು ಹಂಚುವ ಒಂದು ನೆಟ್ಟಗಿನ ಎಸ್‌ಎಂಪಿಎಸ್ ಪೆಟ್ಟಿಗೆಯ ಬೆಲೆ ಹೆಚ್ಚುಕಡಿಮೆ ಅಷ್ಟೇ ಇರುವುದನ್ನು ವಾಚಕರು ಗಮನದಲ್ಲಿಡಬೇಕು. ಈ ಸಂಗತಿಗೆ ಮುಂದೆ ಕೆಲಸವಿದೆ.

ಕಾಲಮೀಮಾಂಸೆಯಲ್ಲಿಯೂ ‘ಮೂ’ ಪ್ರತಿ ಗಂಭೀರವಾಗಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆಗೆ ಕಬ್ಬು ಹೋದ 14 ದಿನದೊಳಗೆ ಬಿಲ್ಲು ಕೈಸೇರಬೇಕು. ಕೊಟೇಶನ್ನಿನ ಬುಡದಲ್ಲಿ ‘ದರ 2 ದಿನ ಮಾತ್ರ’ ಎಂದಿದೆ. ನಡುವಿನ ಹನ್ನೆರಡು ದಿನಗಳ ಕಂದರಕ್ಕೆ ಬಿದ್ದದ್ದು ರ‍್ಯಾಮು. ಟನ್ ಕಬ್ಬಿಗೆ 16 ಜಿಬಿ ಬರುವ ಕಾಲ 2025ರ ಮೊದಲರ್ಧದಲ್ಲೂ ಇತ್ತು. ಆಮೇಲೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನೆಲ್ಲ ಬಳಿದುಕೊಂಡವು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯವರು ಮನೆಬಳಕೆಯ ‘ಕ್ರೂಶಿಯಲ್’ ವ್ಯಾಪಾರವನ್ನೇ ಬಿಡುತ್ತೇವೆಂದರು. ಕಬ್ಬು ನುರಿಯುವ ಹಂಗಾಮಿನಲ್ಲೇ ಅದೇ 16 ಜಿಬಿ ಎರಡು ಟನ್ ದಾಟಿತು. ‘ಮೂ’ ಪ್ರತಿಯ ಅಂಚಿನಲ್ಲಿ ಅಪ್ಪನ ಟೀಕೆ: “ಕಬ್ಬಿಗಿದ್ದಂಗ ಇದಕ್ಕೂ ಸರ್ಕಾರದ ಎಫ್‌ಆರ್‌ಪಿ ದರ ಇಲ್ಲೇನು?” ಇಷ್ಟು ಸಮಂಜಸವಾದ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರೂ ಕೇಳಿದ್ದು ನಮ್ಮ ಗಮನಕ್ಕೆ ಬಂದಿಲ್ಲ.

ಈಗ ಪಾಠ. ಮೊದಲ ಸಾಲು ಪ್ರೊಸೆಸರ್. ‘ಗೋ’ ಪ್ರತಿಯಲ್ಲಿ ರೈಜೆನ್ 5 5600 ಎಂದಿದೆ. ‘ಹು’ ಪ್ರತಿಯಲ್ಲಿ 5600ಜಿ. ‘ಮೂ’ ಪ್ರತಿಯಲ್ಲಿ ಕೋರ್ ಐ3 12100, ಅದರ ಮುಂದೆ ಕಾಗದ ಹರಿದು ಒಂದಕ್ಷರ ಲುಪ್ತವಾಗಿದೆ. ಕಾವ್ಯದಲ್ಲಿ ಒಂದಕ್ಷರ ಹೋದರೆ ಛಂದಸ್ಸು ಕೆಡುತ್ತದೆ, ಅಷ್ಟೆ. ಇಲ್ಲಿ ಹೋದ ಅಕ್ಷರ ‘ಎಫ್’ ಆಗಿದ್ದರೆ ಪರದೆಯಲ್ಲಿ ಬೆಳಕೇ ಮೂಡುವುದಿಲ್ಲ. ಎಫ್ ಇರುವ ಇಂಟೆಲ್ ಚಿಪ್ಪಿನಲ್ಲಿ ಗ್ರಾಫಿಕ್ಸ್ ಭಾಗ ಬಂದಾಗಿರುತ್ತದೆ, ಬೇರೆ ಕಾರ್ಡು ಹಾಕಲೇಬೇಕು. ‘ಗೋ’ ಪಾಠದ 5600ಕ್ಕೂ ಅದೇ ವಿಧಿ. “ಎಫ್ ಅಂದ್ರ ಫೇಲಾದ ಮಾಲೇನಲೇ?” ಎಂಬ ಟೀಕಾಕಾರರ ಸಂಶಯ ತೀರಾ ನಿರಾಧಾರವೇನಲ್ಲ.

ಸಂಪಾದಕನು ಇಲ್ಲಿ ‘ಹು’ ಪಾಠವನ್ನು ಸ್ವೀಕರಿಸಿದ್ದಾನೆ. 2021ರ ಈ 5600ಜಿ ಚಿಪ್ಪಿಗೆ ಆರು ಕೋರ್, ಹನ್ನೆರಡು ಥ್ರೆಡ್ಡು, ಹೊಟ್ಟೆಯೊಳಗೇ ಗ್ರಾಫಿಕ್ಸು. ಕಾರ್ಡಿಲ್ಲದೆ ವ್ಯಾಲರಂಟ್ ಸರಾಗವಾಗಿ ಓಡುತ್ತದೆ, ಜಿಟಿಎ 5 ಸೆಟ್ಟಿಂಗು ಇಳಿಸಿದರೆ ಓಡುತ್ತದೆ. ಪೂರ್ವಪಕ್ಷದವರು ಎತ್ತುವ ಆಕ್ಷೇಪ ನಿಜವೇ: 5600ಕ್ಕೆ 32 ಎಂಬಿ ಎಲ್3 ಕ್ಯಾಶ್ ಇದ್ದರೆ ಇದಕ್ಕೆ 16 ಮಾತ್ರ, ಮುಂದೆ ದೊಡ್ಡ ಕಾರ್ಡು ಕೂರಿಸಿದಾಗ ಒಂದು ಹೆಜ್ಜೆ ಹಿಂದುಳಿಯುತ್ತದೆ. ಉತ್ತರಪಕ್ಷ: ದೊಡ್ಡ ಕಾರ್ಡು ಮುಂದಿನ ಹಂಗಾಮಿನದು, ಹುಡುಗ ಆಡಬೇಕಾದದ್ದು ಈ ಹಂಗಾಮಿನಲ್ಲಿ. ಒಂದು ಷರತ್ತುಂಟು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಕಡ ಪಡೆಯುತ್ತದೆ. ಆದ್ದರಿಂದ 16ರದೊಂದು ಕಡ್ಡಿ ಬೇಡ, 8ರವು ಎರಡು ಕಡ್ಡಿ ಹಾಕಿಸಬೇಕು. ಒಂದೇ ಕಡ್ಡಿ ಹಾಕಿದವನ ಆಟ ಕುಂಟುತ್ತದೆ. ಅವನು ನೆಟ್‌ವರ್ಕಿಗೆ ಬೈಯುತ್ತಾನೆ.

‘ಗೋ’ ಪ್ರತಿಯಲ್ಲೊಂದು ಪ್ರಕ್ಷಿಪ್ತವಿದೆ: ‘ವಾಟರ್ ಕೂಲಿಂಗ್’. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಊರಿನ, ಆ ನೀರಿನ ಬಲದಲ್ಲಿ 19ನೆಯ ಶತಮಾನದಲ್ಲೇ ನೂಲಿನ ಗಿರಣಿ ನಡೆಸಿದ ಊರಿನ ಹುಡುಗನಿಗೆ ಹೀಗನ್ನಿಸಿದ್ದು ಸಹಜ. ಆದರೆ 65 ವ್ಯಾಟಿನ ಈ ಚಿಪ್ಪಿಗೆ ಡಬ್ಬಿಯಲ್ಲಿ ಪುಕ್ಕಟೆ ಬರುವ ಫ್ಯಾನೇ ಸಾಕು. ಸಾಲನ್ನು ಕೈಬಿಡಲಾಗಿದೆ.

ಗ್ರಾಫಿಕ್ಸ್ ಕಾರ್ಡಿನ ಮೇಲೆ ‘ಗೋ’ ಪ್ರತಿಯಲ್ಲಿ ಬೇರೆಲ್ಲ ಸಾಲಿಗಿಂತ ಹೆಚ್ಚು ಶಾಯಿ ಸುರಿದಿದೆ. ಹೊಸದಾಗಿ ಆರ್‌ಎಕ್ಸ್ 6600 ಕೊಂಡರೆ 8 ಜಿಬಿ ಮೆಮೊರಿ, 132 ವ್ಯಾಟಿನ ಹಸಿವು. ಸೆಕೆಂಡ್ ಹ್ಯಾಂಡಿನಲ್ಲಿ ಆರ್‌ಎಕ್ಸ್ 580 ಸಿಗುತ್ತದೆ. ಅದಕ್ಕೂ 8 ಜಿಬಿ ಇರುವುದುಂಟು, ಆದರೆ 2017ರ ಈ ಮುದುಕನಿಗೆ 185 ವ್ಯಾಟು ಬೇಕು. ಇದರ ಪೂರ್ವಾಶ್ರಮವನ್ನೂ ವಿಚಾರಿಸಬೇಕು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ಲೆಕ್ಕದ ಪದ್ಧತಿ ಬದಲಿಸಿದ ದಿನ, ಹಗಲುರಾತ್ರಿ ನಾಣ್ಯ ಅಗೆಯುತ್ತಿದ್ದ ಲೆಕ್ಕವಿಲ್ಲದಷ್ಟು ಕಾರ್ಡುಗಳು ಒಮ್ಮೆಲೇ ನಿರುದ್ಯೋಗಿಗಳಾದವು. ಮಾರುವವರು ಯಾವ ಊರಿನವರೇ ಇರಲಿ, ವಾಕ್ಯ ಮಾತ್ರ ಪಾಠಾಂತರವಿಲ್ಲದೆ ಉಳಿದುಬಂದಿದೆ: “ಮೈನಿಂಗ್ ಗೀನಿಂಗ್ ಏನೂ ಮಾಡಿಲ್ರಿ, ನಮ್ಮ ತಮ್ಮ ಒಂದಿಷ್ಟ ಗೇಮ್ ಆಡ್ತಿದ್ದ ಅಷ್ಟ.” ಆ ತಮ್ಮನನ್ನು ಇದುವರೆಗೆ ಯಾರೂ ಕಂಡಿಲ್ಲ. ಸ್ಕ್ರೂಗಳ ತಲೆ ಸವೆದಿದೆಯೇ, ಫ್ಯಾನಿಗೆ ಬೆರಳು ತಾಗಿಸಿದರೆ ಅಲ್ಲಾಡುತ್ತದೆಯೇ ನೋಡಿ, ಅವರ ಮನೆಯಲ್ಲೇ ಅರ್ಧ ತಾಸು ಒಂದು ಭಾರೀ ಗೇಮು ಓಡಿಸಿ, ಆಮೇಲೆ ರೊಕ್ಕ ಎಣಿಸುವುದು ಕ್ಷೇಮ.

ಇನ್ನು ಈ ವರದಿಯ ಹೃದಯಕ್ಕೆ ಬರೋಣ. ‘ಗೋ’, ‘ಮೂ’ ಎರಡೂ ಪ್ರತಿಗಳಲ್ಲಿ ಏಳನೆಯ ಸಾಲು ಒಂದೇ ರೀತಿ ಇದೆ: ‘ಕ್ಯಾಬಿನೆಟ್ + ಎಸ್‌ಎಂಪಿಎಸ್ 450ವ್ಯಾ.’ ಕಂಪನಿ ಯಾವುದು, ಹೇಳಿಲ್ಲ. ‘ಹು’ ಪ್ರತಿಯಲ್ಲಿ ಮಾತ್ರ ಎಸ್‌ಎಂಪಿಎಸ್ ಪ್ರತ್ಯೇಕ ಸಾಲಾಗಿದೆ. ಹೆಸರುಂಟು, ‘80 ಪ್ಲಸ್ ಬ್ರಾಂಜ್’ ಎಂಬ ವಿಶೇಷಣವುಂಟು, ಅಡಿಯಲ್ಲಿ ಎರಡು ಗೆರೆ. ಹುಕ್ಕೇರಿಯವನಿಗೇ ಈ ವಿವೇಕ ಏಕೆ? ಸಂಪಾದಕನ ಉತ್ತರ ಚಾರಿತ್ರಿಕವಾದದ್ದು. ಗೋಕಾಕ, ಮೂಡಲಗಿಗಳಿಗೆ ಕರೆಂಟು ಹೆಸ್ಕಾಂನಿಂದ ಬರುತ್ತದೆ. ಹುಕ್ಕೇರಿಗೆ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಹೀಗೆ ಕರೆಂಟು ಹಂಚುವ ಸಹಕಾರಿ ಸಂಘ ರಾಜ್ಯದಲ್ಲಿ ಇದೊಂದೇ. ಅದರ ಆಡಳಿತ ಮಂಡಳಿಯ ಚುನಾವಣೆಯೆಂದರೆ ವಿಧಾನಸಭೆಗೂ ಕಡಿಮೆಯಿಲ್ಲದ ಜಿದ್ದು. ಕರೆಂಟಿಗಾಗಿ ಓಟು ಹಾಕುವ ಮನೆಯಲ್ಲಿ ಬೆಳೆದ ಹುಡುಗನು ಯಂತ್ರದೊಳಗೆ ಕರೆಂಟು ಹಂಚುವ ಪೆಟ್ಟಿಗೆಯನ್ನು ಹೆಸರಿಲ್ಲದೆ ಆರಿಸುವನೇ?

ಹೆಸರಿಲ್ಲದ ಆ 450 ವ್ಯಾಟನ್ನು ಕೈಯಲ್ಲಿ ಹಿಡಿದು ನೋಡಬೇಕು. ಮೊದಲನೆಯದಾಗಿ, ಅದು ಹಗುರ. ತವರದ ಡಬ್ಬಿಯೊಳಗೆ ತಾಮ್ರಕ್ಕಿಂತ ಗಾಳಿ ಹೆಚ್ಚು. ಪಕ್ಕದಲ್ಲಿ ಒಂದು ಬಿಳಿ ಚೀಟಿ ಅಂಟಿಸಿರುತ್ತಾರೆ. ಮೇಲೆ ದೊಡ್ಡಕ್ಷರದಲ್ಲಿ 450, ಕೆಳಗೆ ಇರುವೆ ಗಾತ್ರದ ಅಂಕಿಗಳ ಕೋಷ್ಟಕ. ಅದರಲ್ಲಿ ‘+12ವಿ’ ಎಂಬ ಮನೆಯ ಕೆಳಗೆ ‘16ಎ’ ಎಂದಿತ್ತೆನ್ನಿ. ಪ್ರೊಸೆಸರು, ಕಾರ್ಡು ಎರಡೂ ಉಣ್ಣುವುದು ಈ ಹನ್ನೆರಡು ವೋಲ್ಟಿನ ಸಾಲಿನಲ್ಲೇ. ಹನ್ನೆರಡು ಹದಿನಾರಲೆ 192. ಮುಖಪುಟದಲ್ಲಿ 450, ಒಳಪುಟದಲ್ಲಿ 192. 185 ವ್ಯಾಟಿನ ಆರ್‌ಎಕ್ಸ್ 580 ಒಂದೇ ಅದನ್ನು ಖಾಲಿ ಮಾಡಿ, ಪ್ರೊಸೆಸರಿಗೆ 7 ವ್ಯಾಟು ಉಳಿಸುತ್ತದೆ. ಆಟ ರಂಗೇರಿದ ಹೊತ್ತಿಗೆ ಯಂತ್ರ ಟಪ್ಪನೆ ಆರುತ್ತದೆ. ಇಲ್ಲವೇ ಸುಟ್ಟ ವಾಸನೆ ಬರುತ್ತದೆ. ತಾನು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗುವ ಸೌಜನ್ಯ ಇದಕ್ಕುಂಟು. ಗುರ್ಲಾಪುರದ ಲೆಕ್ಕದಲ್ಲಿ ಕೈತಪ್ಪಿದ 2400 ರೂಪಾಯಿಗೆ ಇದ್ದ ಕೆಲಸ ಇದು. ವರದಿಯ ಪ್ರಧಾನ ಶಿಫಾರಸು ಹೀಗಿದೆ: ಎಸ್‌ಎಂಪಿಎಸ್ ಮೊದಲು ಬರೆಯಿರಿ, ಉಳಿದದ್ದರಲ್ಲಿ ಮಿಕ್ಕ ಸಾಲು ತುಂಬಿರಿ.

ಊರ ಲೈನಿನ ಗುಣವೂ ಇದಕ್ಕೆ ಪುಷ್ಟಿ ಕೊಡುತ್ತದೆ. ತ್ರೀಫೇಸ್ ಬಂದ ಕೂಡಲೇ ಸುತ್ತಲಿನ ಹೊಲಗಳ ಪಂಪ್‌ಸೆಟ್ಟುಗಳು ಎದ್ದು ಕೂರುತ್ತವೆ. ಚಾಲೂ ಆಗುವ ಕ್ಷಣದಲ್ಲಿ ಮೋಟರು ತನ್ನ ನಿತ್ಯದ ಪಾಲಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ; ಮನೆಯ ಬಲ್ಬು ಮಂಕಾಗಿ ಮತ್ತೆ ಬೆಳಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಹಲವು 100 ವೋಲ್ಟಿನಿಂದ 240ರವರೆಗೆ ತಾಳಿಕೊಳ್ಳುತ್ತವೆ. ಹೆಸರಿಲ್ಲದ್ದು 180ರ ಕೆಳಗೆ ಪ್ರಾಣ ಬಿಡುತ್ತದೆ. ಜೊತೆಗೆ ಯುಪಿಎಸ್ ಇಡುವವರಿಗೆ ಒಂದು ಕಿವಿಮಾತು: 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವ್ಯಾಟಿನದು. ಅದು ಇರುವುದು ಆಟ ಸೇವ್ ಮಾಡಿ ಏಳುವುದಕ್ಕೆ, ಆಟ ಗೆಲ್ಲುವುದಕ್ಕಲ್ಲ.

‘ಹು’ ಪ್ರತಿಯ ಇದೇ ಸಾಲಿನಲ್ಲಿ ಅವ್ವನ ಟಿಪ್ಪಣಿಯಿದೆ: “ತಮ್ಮಾ, ಝೀರೋ ಬಿಲ್ ಹೋದೀತು ನೋಡ.” ಮೂರು ಪ್ರತಿಗಳಲ್ಲಿ ಇಷ್ಟು ಶುದ್ಧ ಗಣಿತ ಬೇರೆಲ್ಲೂ ಇಲ್ಲ. ಕಾರ್ಡು ಹಾಕಿದ ಯಂತ್ರ ಆಟದ ಹೊತ್ತಿನಲ್ಲಿ ಸುಮಾರು 250 ವ್ಯಾಟು ಎಳೆದರೆ, ದಿನದ ನಾಲ್ಕು ತಾಸಿಗೆ ಒಂದು ಯೂನಿಟ್ಟು, ತಿಂಗಳಿಗೆ ಮೂವತ್ತು. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಇನ್ನೂರು ಯೂನಿಟ್ಟು ಪುಕ್ಕಟೆ ಎಂದು ಮಗ ವಾದಿಸುತ್ತಾನೆ. ಅವ್ವನಿಗೆ ಗೊತ್ತು, ಇನ್ನೂರು ಎಲ್ಲರಿಗೂ ಇಲ್ಲ; ತಮ್ಮಂಥ ಮನೆಗೆ ಹಳೆಯ ಸರಾಸರಿಯ ಮೇಲೆ ಶೇ. 10 ಮಾತ್ರ. ಸರಾಸರಿ 60 ಇದ್ದ ಮನೆಗೆ 66. ಆಟ ಸೇರಿ 90 ಆದರೆ 24 ಯೂನಿಟ್ಟಿನ ರೊಕ್ಕ ಕಟ್ಟಬೇಕು. 5600ಜಿ ಕಾರ್ಡಿಲ್ಲದೆ ಓಡಿದರೆ ಇದರ ಅರ್ಧವೂ ಎಳೆಯುವುದಿಲ್ಲ. ನಾವು ಆ ಪಾಠವನ್ನು ಸ್ವೀಕರಿಸಿದ್ದರ ಹಿಂದೆ ಅವ್ವನ ಒತ್ತಡವಿತ್ತೆಂಬ ಆರೋಪವನ್ನು ಅಲ್ಲಗಳೆಯುವುದಿಲ್ಲ.

ಕ್ಯಾಬಿನೆಟ್ಟಿನ ಬಗ್ಗೆ ಮೂರೂ ಪ್ರತಿಗಳು ಒಮ್ಮತದಿಂದ ತಪ್ಪಿವೆ: ಮುಂದೆ ಗಾಜು, ಒಳಗೆ ಬಣ್ಣದ ದೀಪ. ಹಂಗಾಮಿನ ರಾತ್ರಿ ಮೈತುಂಬ ಸೀರಿಯಲ್ ಸೆಟ್ಟು ಸುತ್ತಿಕೊಂಡು, ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರಿನಂತೆಯೇ ಕಾಣಬೇಕು ಎಂಬುದು ಈ ಪಂಥದ ಸೌಂದರ್ಯಶಾಸ್ತ್ರ. ಗಾಜಿನಿಂದ ಗಾಳಿ ಒಳಬರುವುದಿಲ್ಲ ಎಂಬ ಭೌತಶಾಸ್ತ್ರವನ್ನು ಅದು ಲೆಕ್ಕಿಸುವುದಿಲ್ಲ. ನಮ್ಮ ಕಡೆ ಮುಂದೆ ಜಾಳಿಗೆ ಇರಬೇಕು, ಜಾಳಿಗೆಗೆ ಬಿಚ್ಚಿ ತೊಳೆಯುವ ಫಿಲ್ಟರ್ ಇರಬೇಕು. ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ ಮರುದಿನ ಆ ಫಿಲ್ಟರ್ ತೆಗೆದರೆ ಕರಿಎಳೆಗಳು ಹೆಣೆದು ಕಂಬಳಿಯಾಗಿರುತ್ತವೆ. ಉಗುರಿನಿಂದ ಎತ್ತಿದರೆ ಒಂದೇ ಹಾಳೆಯಾಗಿ ಎದ್ದು ಬರುತ್ತದೆ. ಫಿಲ್ಟರ್ ಇಲ್ಲದವರ ಯಂತ್ರದಲ್ಲಿ ಇದು ಪ್ರೊಸೆಸರಿನ ಫ್ಯಾನಿನ ರೆಕ್ಕೆಗೆ ಕೂತು, ವಿಮಾನ ಏಳುವ ಸದ್ದು ಮಾಡಿಸುತ್ತದೆ.

ಮದರ್‌ಬೋರ್ಡ್, ಎಸ್‌ಎಸ್‌ಡಿ, ಮಾನಿಟರುಗಳ ಮೇಲೆ ಹೇಳುವುದು ಬಹಳವಿಲ್ಲ. ಬೋರ್ಡಿನಲ್ಲಿ ರ‍್ಯಾಮಿಗೆ ಎರಡಾದರೂ ತೂತಿರಲಿ. ಎಸ್‌ಎಸ್‌ಡಿ 500 ಜಿಬಿಗೆ ಕಡಿಮೆ ಬೇಡ, ಜಿಟಿಎ 5 ಒಂದೇ ನೂರರ ಆಸುಪಾಸು ನುಂಗುತ್ತದೆ. ಮಾನಿಟರು ಸದ್ಯಕ್ಕೆ ಮನೆಯ ಟಿವಿ. ಧಾರಾವಾಹಿಯ ಹೊತ್ತು ಬಿಟ್ಟು. ಸಾಗಣೆಯ ಖರ್ಚು ಒಂದು ಕಿಲೋ ಕರದಂಟು, ಬೆಂಗಳೂರಿನ ಅಣ್ಣನಿಗೆ ಸಂದಾಯ.

ಹೀಗೆ ಒಂಬತ್ತು ಸಾಲಿನ ಪರಿಷ್ಕೃತ ಪಾಠ ಹನ್ನೆರಡು ಟನ್ನಿನೊಳಗೆ ಸಿದ್ಧವಾಗಿ, ಅಪ್ಪಂದಿರ ಸಹಿಗೆ ಹೋಯಿತು. ಗೋಕಾಕದ ಅಪ್ಪ ಓದದೆ ಸಹಿ ಹಾಕಿದರು. ಮೂಡಲಗಿಯ ಅಪ್ಪ ಬಿಲ್ಲು ಬರಲಿ ಎಂದರು. ಹುಕ್ಕೇರಿಯ ಅಪ್ಪ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿ, ಮಗನನ್ನು ಕರೆದು ಕೇಳಿದರು: “ಇದರಾಗ ಹೊಲದ ಉತಾರ ತಗೀಲಿಕ್ಕ ಬರತೈತೇನು?”

“ಬರತೈತಪ್ಪಾ, ಭೂಮಿ ಸೈಟಿನಾಗ.”

“ಕಾಗದದ ಮ್ಯಾಲ?”

ಪಟ್ಟಿಗೆ ಹತ್ತನೆಯ ಸಾಲು ಸೇರಿತು: ಪ್ರಿಂಟರ್. ಎಸ್‌ಎಸ್‌ಡಿ 256ಕ್ಕೆ ಇಳಿಯಿತು, ಎಸ್‌ಎಂಪಿಎಸ್ ಮತ್ತೆ ಕ್ಯಾಬಿನೆಟ್ಟಿನೊಳಗೆ ಹೋಗಿ ಸೇರಿತು.