ಅಮ್ಮನಿಗೆ ಯಾವ ಬಣ್ಣ?

ನೆಟ್‌ವರ್ಕ್ ಕಾಯುವ ತಂತ್ರಾಂಶದಲ್ಲಿ ಕಾಯುವ ಕೆಲಸ ಬೇಗ ಮುಗಿಯುತ್ತದೆ. ಮುಗಿಯದೇ ಉಳಿಯುವುದು ಡ್ಯಾಶ್‌ಬೋರ್ಡಿನ ಕೆಲಸ. ಯಾವ ಯಂತ್ರದ ಮೇಲೆ ಕಣ್ಣಿಡಬೇಕು ಅಂತ ವಿಳಾಸ ಕೊಟ್ಟುಬಿಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಬಂದ ಉತ್ತರವನ್ನು ಗೆರೆಯಾಗಿ ತೋರಿಸಬೇಕೋ ಗಡಿಯಾರದ ಮುಳ್ಳಾಗಿ ತೋರಿಸಬೇಕೋ, ಎಡಕ್ಕಿಡಬೇಕೋ ಬಲಕ್ಕೋ, ಹಸಿರು ಎಷ್ಟು ಹಸಿರಿರಬೇಕು, ಇದನ್ನೆಲ್ಲ ಯಾವ ಯಂತ್ರವೂ ತೀರ್ಮಾನಿಸಲಾರದು. ಅದಕ್ಕೆ ಮನುಷ್ಯನೇ ಬೇಕು. ಅದೂ ನನ್ನಂಥವನು, ಅದೂ ರಾತ್ರಿ ಹನ್ನೊಂದು ಹೊಡೆದ ಮೇಲೆ.

ನಾನು ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಸಾಗರದ ಕಡೆಯ ತೋಟದ ಮನೆಯಲ್ಲಿ ಕೂತು ಮಾಡುವವ. ಮನೆಯ ನೆಟ್‌ವರ್ಕ್ ಎಂದರೆ ಒಂದು ರೂಟರ್, ಎರಡು ರಿಪೀಟರ್, ಗೇಟಿನ ಕ್ಯಾಮೆರಾ, ಜಗಲಿಯ ಟಿ.ವಿ., ಆಮೇಲೆ ತಲೆಗೊಂದು ಮೊಬೈಲು. ಇದರಲ್ಲಿ ಯಾವುದು ಕೈಕೊಟ್ಟರೂ ಮನೆಯವರೆಲ್ಲ ನನ್ನ ಹೆಸರು ಹಿಡಿದು ಕೂಗುತ್ತಾರೆ. ಅದಕ್ಕಿಂತ ಚುರುಕಾದ ಅಲಾರಂ ಇನ್ನೂ ತಯಾರಾಗಿಲ್ಲ. ಆದರೂ ಹಳೇ ಲ್ಯಾಪ್‌ಟಾಪಿಗೆ ಜ್ಯಾಬಿಕ್ಸ್ ಹಾಕಿದೆ. ಲಾಟ್ವಿಯಾದ ಅಲೆಕ್ಸೈ ವ್ಲಾದಿಶೆವ್ ಬ್ಯಾಂಕೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಾಗ, 1998ರಲ್ಲಿ ತನ್ನ ಉಪಯೋಗಕ್ಕೆಂದು ಬರೆಯತೊಡಗಿ, 2001ರಲ್ಲಿ ಊರಿಗೆಲ್ಲ ಬಿಟ್ಟುಕೊಟ್ಟ ತಂತ್ರಾಂಶ ಅದು. ಅವನಿಗೂ ಮುಂಚೆ, 1995ರ ಸುಮಾರಿಗೆ, ಟೋಬಿಯಾಸ್ ಓಟಿಕರ್ ಎಂಬಾತ ಎಂಆರ್‌ಟಿಜಿ ಎಂಬ ಇಂಥದೇ ತಂತ್ರಾಂಶ ಬರೆದಿದ್ದ. ಅವನಿದ್ದಲ್ಲಿ ಹೊರಜಗತ್ತಿಗೆಲ್ಲ ಸೇರಿ ಇದ್ದದ್ದು 64 ಕಿಲೋಬಿಟ್ಟಿನ ಒಂದೇ ಲೈನು. ಅದು ಹೇಗೆ ಓಡುತ್ತಿದೆ ಅಂತ ಎಲ್ಲರೂ ಕೇಳುತ್ತಿದ್ದರಂತೆ. ಅವರಿಗೆಲ್ಲ ಕಾರಣ ಇತ್ತು. ನನಗೆ ಇದ್ದದ್ದು ಮಳೆಗಾಲ.

ಕಾಯುವುದರ ಒಳಗುಟ್ಟು ಬಹಳ ಸರಳ. ತೋಟದ ಈ ತುದಿಯಿಂದ ‘ಕೂ’ ಹಾಕಿ, ಆ ತುದಿಯಿಂದ ‘ಕೂ’ ಬರುತ್ತದಾ ಅಂತ ಕಿವಿಗೊಡುವ ಹಾಗೆ, ಕಂಪ್ಯೂಟರು ಒಂದೊಂದು ಯಂತ್ರಕ್ಕೂ ಪಿಂಗ್ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಮೈಕ್ ಮೂಸ್ ಎಂಬ ಅಮೆರಿಕನ್ 1983ರ ಡಿಸೆಂಬರಿನಲ್ಲಿ ಬರೆದದ್ದು ಇವತ್ತಿಗೂ ನಡೆಯುತ್ತಿದೆ. ಉತ್ತರ ಬಂದರೆ 1, ಬರದಿದ್ದರೆ 0. ನಮ್ಮಲ್ಲಿ ಅದು ನಿಮಿಷಕ್ಕೊಮ್ಮೆ ಕೂಗುತ್ತದೆ. ಡ್ಯಾಶ್‌ಬೋರ್ಡಿನ ಚೌಕಗಳನ್ನು ಮಾತ್ರ ಹತ್ತು ಸೆಕೆಂಡಿಗೊಮ್ಮೆ ಹೊಸದಾಗುವಂತೆ ಇಟ್ಟೆ. ಹಾಗಾಗಿ ಅದೇ ಹಳೇ ಉತ್ತರ ನಿಮಿಷಕ್ಕೆ ಆರು ಸಲ ಹೊಸದಾಗಿ ಬರುತ್ತಿತ್ತು. ನೋಡಲು ಬಹಳ ಚೆನ್ನಾಗಿತ್ತು.

ಗಡಿಯಾರದ ವಿಜೆಟ್ ಇತ್ತು, ಹಾಕಿದೆ. ಗೋಡೆಯ ಗಡಿಯಾರ ಟಿ.ವಿ. ಮೇಲೇ ಇತ್ತು, ಅದು ಬೇರೆ ವಿಷಯ. ಭೂಪಟದ ವಿಜೆಟ್ ಹಾಕಿದೆ. ಎಲ್ಲ ಯಂತ್ರಗಳೂ ಒಂದೇ ಸೂರಿನಡಿ ಇದ್ದುದರಿಂದ ಒಂದರ ಮೇಲೊಂದು ಕೂತು ಒಂದೇ ಚುಕ್ಕೆಯಾದವು. ತೆಗೆದೆ. ಕೊನೆಗೆ ಒಬ್ಬೊಬ್ಬರಿಗೆ ಒಂದೊಂದು ಚೌಕ: ಅಪ್ಪ, ಅಮ್ಮ, ಹೆಂಡತಿ, ಮಗಳು. ಬರೀ 1, 0 ಎಂದು ತೋರಿಸಿದರೆ ಮನೆಯವರಿಗೆ ಅರ್ಥವಾಗುವುದಿಲ್ಲವಲ್ಲ, ಅಂಕೆಗೆ ಬದಲು ಮಾತು ತೋರಿಸುವ ಅನುಕೂಲ ಬಳಸಿ 1 ಇದ್ದಲ್ಲಿ ‘ಇದ್ದಾರೆ’ ಅಂತಲೂ 0 ಇದ್ದಲ್ಲಿ ‘ಇಲ್ಲ’ ಅಂತಲೂ ಬರೆದೆ. ‘ಇಲ್ಲ’ಕ್ಕೆ ಕೆಂಪು ಹಿನ್ನೆಲೆ. ಬೋರ್ಡನ್ನು ಕಿಯೋಸ್ಕ್ ಮೋಡಿಗೆ ಹಾಕಿ ಜಗಲಿಯ ಟಿ.ವಿ.ಗೆ ಏರಿಸಿ, ಹಿಂದೆ ಸರಿದು ನಿಂತು ಒಮ್ಮೆ ನೋಡಿದೆ. ಕಚೇರಿಯ ಕಂಟ್ರೋಲ್ ರೂಮಿಗೆ ಯಾವುದರಲ್ಲೂ ಕಡಿಮೆಯಿರಲಿಲ್ಲ.

ಅಮ್ಮನ ಅಣ್ಣ ಬಂದದ್ದು ಆ ಭಾನುವಾರ. ಹೇಳದೆ ಬಂದಿದ್ದರು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಶಾಲು ಮಡಚಿ ಕುರ್ಚಿಯ ಮೇಲಿಟ್ಟು, ಟಿ.ವಿ. ಎದುರಿಗೇ ಕೂತರು. ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೋಡೆಯ ಮೇಲೆ ಅಂಗೈಯಗಲದ ಅಕ್ಷರದಲ್ಲಿ, ಕೆಂಪು ಹಿನ್ನೆಲೆಯಲ್ಲಿ, ‘ಅಮ್ಮ: ಇಲ್ಲ’ ಅಂತಿತ್ತು.

ಮೊಬೈಲುಗಳ ಬುದ್ಧಿ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಪರದೆ ಆರಿಸಿ ಪಕ್ಕಕ್ಕಿಟ್ಟರೆ ಬ್ಯಾಟರಿ ಉಳಿಸಲು ಅವು ವೈಫೈ ಮೇಲೂ ನಿದ್ದೆಗೆ ಜಾರುತ್ತವೆ, ಪಿಂಗಿಗೆ ಓಗೊಡುವುದಿಲ್ಲ. ಅಮ್ಮನ ಮೊಬೈಲು ಅಡುಗೆಮನೆಯ ಅಕ್ಕಿಡಬ್ಬದ ಮೇಲೆ ಮಲಗಿತ್ತು. ಮಾವನಿಗೆ ಇದು ಗೊತ್ತಿರಲಿಲ್ಲ.

“ಯಾವಾಗ?” ಅಂದರು, ಬಹಳ ಮೆಲ್ಲಗೆ.

ಬೋರ್ಡನ್ನು ಹೊರಗಿನವರೊಬ್ಬರು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ನನಗೆ ಉತ್ಸಾಹ ಉಕ್ಕಿತು. “ಬೆಳಿಗ್ಗೆ ಒಂಬತ್ತೂ ನಲವತ್ತೆರಡಕ್ಕೆ ಮಾವ. ಸೆಕೆಂಡು ಬೇಕಾದರೂ ಹೇಳಬಹುದು.”

“ಎಂತ ಆಗಿತ್ತು?”

“ಎಂತದೂ ಇಲ್ಲ. ಅಡುಗೆಮನೆಗೆ ಹೋದ ಮೇಲೆ ಉತ್ತರವೇ ಬರಲಿಲ್ಲ. ವಾರದಲ್ಲಿ ಏಳೆಂಟು ಸಲ ಹೀಗಾಗುತ್ತೆ.”

“ಏಳೆಂಟು ಸಲ?”

“ತಾನಾಗಿ ವಾಪಸ್ ಬರುತ್ತೆ ಮಾವ. ನಾವು ತಲೆ ಕೆಡಿಸಿಕೊಳ್ಳೋದಿಲ್ಲ.”

ಮಾವ ಶಾಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. “ಯಾರಿಗೂ ತಿಳಿಸಲೇ ಇಲ್ವನೋ?”

“ಅಯ್ಯೋ, ಆಗಲೇ ಈಮೇಲ್ ಹೋಗಿದೆ,” ಅಂದೆ.

ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ ಹೊತ್ತಿಗೆ ಸರಿಯಾಗಿ ಅಮ್ಮ ಹಲಸಿನ ಹಪ್ಪಳ, ಕಾಫಿ ಹಿಡಿದು ಹೊರಗೆ ಬಂದಳು. “ಅಣ್ಣಯ್ಯ ಯಾವಾಗ ಬಂದೆ?” ಅಂತ ಕೇಳಿದಳು. ಅಣ್ಣಯ್ಯ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಆ ಹೊತ್ತಿಗೆ ಪಿಂಗ್ ಮಾಡಿದ್ದರೆ ಅವರದ್ದೂ ಸೊನ್ನೆಯೇ.

ತಾನು ಇಲ್ಲವಾದದ್ದಕ್ಕೆ ಅಮ್ಮನಿಗೆ ಬೇಸರವಾಗಲಿಲ್ಲ. ಬೋರ್ಡನ್ನು ತುಂಬಾ ಹೊತ್ತು ನೋಡಿ ಆಕ್ಷೇಪ ಎತ್ತಿದ್ದು ಬೇರೆಯದಕ್ಕೆ: “ಎಲ್ಲರದೂ ಹಸಿರು, ನನ್ನದೊಂದೇ ಯಾಕೆ ಕೆಂಪು?” ಅರಿಸಿನದ ಬಣ್ಣ ಹಾಕು ಅಂದಳು. ಈ ತಂತ್ರಾಂಶದಲ್ಲಿ ಹಳದಿ ಎಂದರೆ ‘ಎಚ್ಚರಿಕೆ’ ಅಂತ ವಿವರಿಸಿದೆ. “ಹಾಗಾದ್ರೆ ಅದೇ ಇರಲಿ,” ಅಂತ ಒಳಗಿನಿಂದ ಹೆಂಡತಿಯ ದನಿ ಬಂತು. ಆಕೆಯದು ಬೇರೆ ತಕರಾರು: ತನ್ನ ಚೌಕ ರೂಟರಿನ ಚೌಕಕ್ಕಿಂತ ಚಿಕ್ಕದು. ಅಪ್ಪನಿಗೆ ಚೌಕ ಎಷ್ಟಿದ್ದರೂ ಅಡ್ಡಿಯಿಲ್ಲ, ಆದರೆ ಅದರೊಳಗೆ ಅಡಿಕೆ ರೇಟು ಬರಬೇಕು. ರಾಶಿ, ಬೆಟ್ಟೆ, ಗೊರಬಲು ಬೇರೆ ಬೇರೆಯಾಗಿ.

ಮಗಳು ಮಾತ್ರ ಏನೂ ಕೇಳಲಿಲ್ಲ. ತನ್ನ ಚೌಕದ ಹಿಂದಿದ್ದ ಗ್ರಾಫನ್ನು ತೆರೆದು ನೋಡಿದಳು. ಅವಳ ಮೊಬೈಲು ಯಾವ ರಾತ್ರಿ ಎಷ್ಟು ಹೊತ್ತಿನವರೆಗೆ ಎಚ್ಚರವಿತ್ತು ಎಂಬುದು ಗೆರೆ ಗೆರೆಯಾಗಿ ಅಲ್ಲಿತ್ತು. ಪರೀಕ್ಷೆಯ ದಿನಗಳಲ್ಲಿ ಅದು ಬೆಳಗಿನ ಮೂರರ ತನಕ ಎದ್ದಿತ್ತು. ನಾನು ಅದನ್ನು ಅವಳಲ್ಲಿ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. “ನನ್ನದು ತೆಗಿ ಅಪ್ಪ,” ಅಂದಳು. ತೆಗೆದೆ. ಆ ಜಾಗಕ್ಕೆ ಪಕ್ಕದ ಚೌಕವನ್ನು ಎಳೆಯಲು ಮನಸ್ಸಾಗಲಿಲ್ಲ.

ಇಷ್ಟೆಲ್ಲ ಆದಮೇಲೆ ಆಷಾಢದ ಗಾಳಿಗೆ ಎಲ್ಲೋ ಮರ ಬಿದ್ದು ಫೈಬರ್ ತುಂಡಾಯಿತು. ಬೋರ್ಡಿನಲ್ಲಿ ಇಂಟರ್‌ನೆಟ್ಟಿನ ಚೌಕ ನೆತ್ತಿಯಿಂದ ಪಾದದವರೆಗೆ ಕೆಂಪು. ಇಂಟರ್‌ನೆಟ್ ಕೊಡುವವರಿಗೆ ಫೋನ್ ಮಾಡಿದರೆ ಹುಡುಗನೊಬ್ಬ ತಾಳ್ಮೆಯಿಂದ, “ನಮ್ಮ ಸ್ಕ್ರೀನಿನಲ್ಲಿ ಎಲ್ಲ ಹಸಿರಿದೆ ಸಾರ್, ನಿಮ್ಮ ರೂಟರ್ ಆಫ್ ಮಾಡಿ ಆನ್ ಮಾಡಿ,” ಅಂದ. ಮರವನ್ನೂ ಆಫ್ ಮಾಡಿ ಆನ್ ಮಾಡಲೇ ಅಂತ ಕೇಳಬೇಕೆನಿಸಿತು. ಇವನನ್ನು ಬೈದೇನು ಫಲ? 2017ರ ಫೆಬ್ರವರಿ 28ರಂದು ಅಮೆಜಾನಿನಲ್ಲಿ ಒಂದು ಆಜ್ಞೆ ತಪ್ಪಾಗಿ ಟೈಪಾಗಿ, ಬೇಕಾದದ್ದಕ್ಕಿಂತ ಹೆಚ್ಚು ಸರ್ವರುಗಳು ಕಳಚಿಕೊಂಡು, ಕಡತಗಳನ್ನು ಇಟ್ಟುಕೊಡುವ ಎಸ್3 ಸೇವೆ ಗಂಟೆಗಟ್ಟಲೆ ನಿಂತುಹೋಗಿತ್ತು. ಅದನ್ನು ನೆಚ್ಚಿಕೊಂಡ ಎಷ್ಟೋ ಜಾಲತಾಣಗಳು ಮಕಾಡೆ ಮಲಗಿದ್ದವು. ಅಮೆಜಾನಿನ ಡ್ಯಾಶ್‌ಬೋರ್ಡು ಮಾತ್ರ ಹಸಿರಾಗೇ ಇತ್ತು. ಅದರ ಬಣ್ಣ ಬದಲಿಸುವ ವ್ಯವಸ್ಥೆಯೂ ಅದೇ ಎಸ್3 ಮೇಲೆ ನಿಂತಿತ್ತು. ಕೊನೆಗೆ ಅವರು ಟ್ವಿಟರಿನಲ್ಲಿ ಹೇಳಿಕೊಳ್ಳಬೇಕಾಯಿತು.

ಇದನ್ನೆಲ್ಲ ಪಕ್ಕದ ತೋಟದವರಿಗೆ ವಿವರಿಸುತ್ತಿದ್ದೆ. ಅವರ ಪಂಪಿಗೆ ಮೊಬೈಲ್ ಸ್ಟಾರ್ಟರ್ ಇದೆ. ತ್ರೀ ಫೇಸ್ ಕರೆಂಟು ಬಂದ ತಕ್ಷಣ ಅದು ಇವರಿಗೆ ಫೋನ್ ಮಾಡುತ್ತದೆ. ಇವರು ಮಲಗಿದಲ್ಲಿಂದಲೇ ಮೋಟಾರು ಹಾಕುತ್ತಾರೆ. ಚೌಕವಿಲ್ಲ, ಬಣ್ಣವಿಲ್ಲ. ನಡುರಾತ್ರಿ ಬ್ಯಾಟರಿ ಹಿಡಿದು ಹಾವು ಹುಳದ ನಡುವೆ ಪಂಪ್‌ಹೌಸಿಗೆ ನಡೆಯುವುದು ತಪ್ಪಿದೆ. ಅವರು ನನ್ನ ಬೋರ್ಡನ್ನು ಕವಳ ಜಗಿಯುತ್ತ ನೋಡಿದರು.

“ಇದು ಕೆಂಪಾದ್ರೆ ಎಂತ ಮಾಡ್ತೀರಿ?”

“ಕಂಪನಿಯವರಿಗೆ ಫೋನ್ ಮಾಡ್ತೀನಿ.”

“ಅವರು ಎಂತ ಅಂತಾರೆ?”

“ತಮ್ಮ ಬೋರ್ಡಿನಲ್ಲಿ ಹಸಿರಿದೆ ಅಂತಾರೆ.”

“ಮತ್ತೆ ಅವರ ಬೋರ್ಡನ್ನೇ ಇಲ್ಲಿ ಹಾಕ್ಕೊಳ್ಳಿ ಮಾರಾಯ್ರೆ. ಯಾವಾಗ್ಲೂ ಹಸಿರಿರ್ತದೆ.”

ತೆಗೆದುಹಾಕುವಂಥ ಸಲಹೆಯಲ್ಲ. ಅದಕ್ಕೆ ಎಷ್ಟಗಲದ ಚೌಕ ಬೇಕಾದೀತು ಅಂತ ರಾತ್ರಿಯೇ ಅಳೆದು ನೋಡಿದೆ. ಮಗಳ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಅವಳನ್ನೊಂದು ಮಾತು ಕೇಳಬೇಕು.