ಗಾಲಿಶಬ್ದ ಮೀಮಾಂಸೆ

ಕನ್ನಡ ವ್ಯಾಕರಣವು ಅನುಕರಣಾವ್ಯಯವೆಂದು ಕರೆಯುವ ಪದವರ್ಗ, ಎಂದರೆ ಧಗಧಗ, ಚಟಚಟ, ದಡದಡ ಮೊದಲಾಗಿ ಕೇಳಿದ ಸದ್ದನ್ನು ಕೇಳಿದಂತೆಯೇ ಹೇಳುವ ಪದಗಳ ಗುಂಪು, ಹೈಸ್ಕೂಲಿನ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬಂದುಹೋದ ಮೇಲೆ ಮೈಸೂರಿನ ಗೃಹಸ್ಥನಿಗೆ ಮತ್ತೆ ಎದುರಾಗುವುದು ಕಾರಿನ ಗ್ಯಾರೇಜಿನಲ್ಲಿ. ಸೆಕೆಂಡ್‌ಹ್ಯಾಂಡ್ ಗಾಲಿಗಳನ್ನು ಕೊಂಡು ತಂದು ಹಾಕಿಸಿದ ವಾರದೊಳಗೆ ಆತ ಮೆಕ್ಯಾನಿಕ್ಕಿನ ಮುಂದೆ ನಿಂತು "ಏನೋ ಸೌಂಡ್ ಬರ್ತಿದೆಯಪ್ಪಾ" ಎಂದು ಆರಂಭಿಸುತ್ತಾನೆ. "ಎಂಥಾ ಸೌಂಡ್ ಸಾರ್?" ಎಂಬ ಮರುಪ್ರಶ್ನೆ ಬಂದೊಡನೆ, ಬ್ಯಾಂಕಿನಲ್ಲಿ ಮೂವತ್ತು ವರ್ಷ ತಗ್ಗಿದ ದನಿಯಲ್ಲಿ ಮಾತನಾಡಿ ನಿವೃತ್ತನಾದ ಆ ಸಂಭಾವಿತನು ನಾಲ್ಕು ಜನರೆದುರು ತುಟಿ ಮುಂದೆ ಮಾಡಿ "ಗುಂಯ್ಯ್" ಎನ್ನಬೇಕಾಗುತ್ತದೆ. ಅದು ಗುಂಯ್ಯೋ, ಗರಗರವೋ, ಟಕಟಕವೋ ಎಂಬುದರ ಮೇಲೆಯೇ ಮುಂದಿನ ಖರ್ಚು ನಿಂತಿರುವುದರಿಂದ ಈ ವ್ಯಾಕರಣಾಂಶವನ್ನು ಅಲಕ್ಷಿಸುವಂತಿಲ್ಲ.

ಇಲ್ಲಿ ಗಾಲಿಯೆಂದರೆ ಅಲಾಯ್ ವೀಲ್ ಎಂದು ತಿಳಿಯತಕ್ಕದ್ದು. ಕಪ್ಪು ಬಣ್ಣದ ಉಕ್ಕಿನ ಗಾಲಿಯನ್ನು ಗ್ಯಾರೇಜಿನವರು ಡಿಸ್ಕ್ ಎನ್ನುತ್ತಾರೆ. ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ದ, ಹೊಳೆಯುವ ಕಡ್ಡಿಗಳುಳ್ಳದ್ದು ಅಲಾಯ್. ಉಕ್ಕಿನದು ಗುಂಡಿಗೆ ಬಿದ್ದು ಬಾಗಿದರೆ ಸುತ್ತಿಗೆಯ ನಾಲ್ಕು ಪೆಟ್ಟಿಗೆ ಬಹುಮಟ್ಟಿಗೆ ದಾರಿಗೆ ಬರುತ್ತದೆ. ಅಲಾಯ್ ಬಾಗಲೂ ಬಹುದು, ಬಿರುಕು ಬಿಡಲೂ ಬಹುದು, ಆ ಬಿರುಕಿಗೆ ವೆಲ್ಡಿಂಗ್ ಮಾಡಿ ಮೇಲೆ ಬಣ್ಣ ಬಳಿದರೆ ಮಾರಿದವನಿಗೆ ಮಾತ್ರ ತಿಳಿದಿರುವ ರಹಸ್ಯವಾಗಿ ಉಳಿಯಲೂಬಹುದು. ಇಂಥ ನಾಲ್ಕು ಗಾಲಿಗಳು ಹೊಸದರ ಅರ್ಧಕ್ಕಿಂತಲೂ ಕಡಿಮೆ ಬೆಲೆಗೆ, ಅದೂ ಟೈರು ಸಮೇತ, ದಕ್ಕಿದವೆಂಬ ಹಿಗ್ಗಿನಲ್ಲಿ ಮನೆಗೆ ಬಂದ ಗೃಹಸ್ಥನಿಗೆ ಅವು ಬರಿಯ ಗಾಲಿಗಳಾಗಿ ಉಳಿದಿರುವುದಿಲ್ಲ. ಗೆದ್ದ ಚೌಕಾಸಿಯ ಪದಕಗಳಾಗಿರುತ್ತವೆ. ರೋಗನಿರ್ಣಯದ ದೊಡ್ಡ ತೊಡಕು ಹುಟ್ಟುವುದು ಇಲ್ಲಿಯೇ. ಗಾಲಿಯನ್ನು ದೂರಿದರೆ ಗೆದ್ದದ್ದನ್ನು ಸೋತಂತಾಗುವುದರಿಂದ ಆತನು ಮೊದಲು ರಸ್ತೆಯನ್ನು, ಆಮೇಲೆ ಪೆಟ್ರೋಲಿಗೆ ಬೆರೆಸುವ ಎಥನಾಲನ್ನು, ಕಡೆಗೆ ಹಿಂದಿನ ಸೀಟಿನಲ್ಲಿ ಕುಳಿತ ಭಾವಮೈದುನನ ತೂಕವನ್ನು ಶಂಕಿಸುತ್ತಾನೆಯೇ ಹೊರತು ಗಾಲಿಯ ಹೆಸರೆತ್ತುವುದಿಲ್ಲ.

ಮೈಸೂರಿನ ನಡಿಗೆಯೂ ಈ ಆತ್ಮವಂಚನೆಗೆ ಒತ್ತಾಸೆಯಾಗಿದೆ. ಪಿಂಚಣಿದಾರರ ಸ್ವರ್ಗವೆಂದು ಹೆಸರಾದ ಈ ಊರಿನೊಳಗೆ ಕಾರು ನಲವತ್ತರ ಮೇಲೆ ಹೋಗುವುದು ಅಪರೂಪ. ಗಾಲಿಯ ದೋಷಗಳಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯತಕ್ಕವು. ಗಾಲಿಯ ಸುತ್ತ ತೂಕ ಸಮನಾಗಿ ಹಂಚಿಹೋಗಿಲ್ಲದಿದ್ದರೆ ಅದನ್ನು ಬ್ಯಾಲೆನ್ಸ್ ತಪ್ಪಿದ ಗಾಲಿ ಎನ್ನುತ್ತಾರೆ. ಹದಿನಾಲ್ಕು ಇಂಚಿನ ರಿಮ್ಮಿನ ಅಂಚಿನಲ್ಲಿ ಒಂದೆಡೆ ಮೂರು ಚಿಕ್ಕ ಚಮಚ ಉಪ್ಪಿನಷ್ಟು, ಎಂದರೆ ಸುಮಾರು 20 ಗ್ರಾಂ, ಹೆಚ್ಚಿದೆಯೆಂದು ಭಾವಿಸಿದರೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು ಅರ್ಧ ಕಿಲೋ ತೂಕದಷ್ಟು ಬಲದಿಂದ ಗಾಲಿಯನ್ನು ಜಗ್ಗುತ್ತದೆ. 100ರ ವೇಗದಲ್ಲಿ ಅದೇ ಉಪ್ಪು ಸುಮಾರು ಮೂರೂವರೆ ಕಿಲೋ ಆಗಿ, ಸೆಕೆಂಡಿಗೆ ಸುಮಾರು ಹದಿನೈದು ಸುತ್ತು ಹಾಕುತ್ತ ಎಳೆದಾಡುತ್ತದೆ. ಹೀಗಾಗಿ ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ ಹೋಗಿ ಸೊಪ್ಪು ತರುವ ಕಾರು ಸಾಧುವಿನಂತಿದ್ದು, 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಗೆ ಇಳಿದೊಡನೆ ಮೈಮೇಲೆ ದೇವರು ಬಂದಂತೆ ಆಡತೊಡಗುತ್ತದೆ. ಎಂಬತ್ತಕ್ಕೆ ಮೊದಲಾದ ನಡುಕ, ಸಸ್ಪೆನ್ಷನ್ನಿನ, ಎಂದರೆ ಕಾರನ್ನು ಹೊತ್ತ ಸ್ಪ್ರಿಂಗುಗಳ ಏರ್ಪಾಡಿನ, ಸಹಜ ತೂಗಾಟದ ಲಯಕ್ಕೆ ತಾಳೆಯಾಗುವ ಹೊತ್ತಿಗೆ ಮಿತಿಮೀರಿ, ಕೆಲವು ಕಾರುಗಳಲ್ಲಿ ನೂರಹತ್ತು ದಾಟಿದ ಮೇಲೆ ತಗ್ಗುವುದೂ ಉಂಟು. "ಇನ್ನೂ ಜೋರಾಗಿ ಹೋದರೆ ಸರಿಹೋಗುತ್ತದೆ" ಎಂಬ ಈ ಚಿಕಿತ್ಸೆಗೆ ಹೆದ್ದಾರಿಯ ನೂರರ ಮಿತಿಯೊಂದೇ ಅಡ್ಡಿ. ಪ್ರಯೋಗವನ್ನು ಗಣಂಗೂರಿನ ಟೋಲಿನಾಚೆಗೆ ಒಯ್ದರೆ ಪ್ರಯೋಗಶಾಲೆಗೆ ಪ್ರವೇಶಶುಲ್ಕವನ್ನೂ ಕೊಡಬೇಕಾಗುತ್ತದೆ.

ನಡುಕವು ಸ್ಟೇರಿಂಗಿನಲ್ಲಿ ಕಂಡರೆ ದೋಷ ಮುಂದಿನ ಗಾಲಿಗಳಲ್ಲಿಯೂ, ಸೀಟಿನಲ್ಲಿ ಕಂಡರೆ ಹಿಂದಿನವುಗಳಲ್ಲಿಯೂ ಇರುವುದೆಂಬುದು ಸಾಮಾನ್ಯ ನಿಯಮ. ಈ ನಿಯಮವನ್ನು ಅರ್ಧ ತಿಳಿದವರು ಮುಂದಿನ ಗಾಲಿಗಳನ್ನು ಹಿಂದಕ್ಕೆ ಹಾಕಿಸಿ ನಿಶ್ಚಿಂತರಾಗುತ್ತಾರೆ, ಏಕೆಂದರೆ ನಡುಕವು ಗೃಹಸ್ಥನ ಅಂಗೈಯನ್ನು ಬಿಟ್ಟು ಹಿಂದೆ ಕುಳಿತ ಅತ್ತೆಯವರ ಬೆನ್ನಿಗೆ ಹೋಗಿರುತ್ತದೆ. ವರ್ಗಾವಣೆಯನ್ನೇ ಪರಿಹಾರವೆಂದು ಬಗೆಯುವುದು ಸರ್ಕಾರಿ ನೌಕರಿಯಲ್ಲಿದ್ದವರಿಗೆ ತೀರ ಸಹಜವಾದದ್ದು.

ಗಾಲಿ ಮಾರುವವನು ಆಣೆಯಿಟ್ಟು ಹೇಳುವ ಮಾತು "ಪಿಸಿಡಿ ಒಂದೇ ಸಾರ್, ಕೂತ್ಕೊಳುತ್ತೆ" ಎಂಬುದು. ಪಿಸಿಡಿ ಎಂದರೆ ಬೋಲ್ಟುಗಳ ನಡುಬಿಂದುಗಳನ್ನು ಹಾದುಹೋಗುವ ವೃತ್ತದ ವ್ಯಾಸ. ಚಿಕ್ಕ ಕಾರುಗಳಲ್ಲಿ ನಾಲ್ಕು ಬೋಲ್ಟು, 100 ಮಿಲಿಮೀಟರ್ ಎಂಬುದು ಬಳಕೆಯ ಅಳತೆ. ಆದರೆ ಜಾತಕದಲ್ಲಿ ಒಂದೇ ಕೂಟ ನೋಡಿ ಮದುವೆ ಮುಗಿಸಿದಂತೆ, ಪಿಸಿಡಿ ಕೂಡಿದ ಮಾತ್ರಕ್ಕೆ ಗಾಲಿ ಕೂಡಿತೆನ್ನಲಾಗದು. ಎತ್ತಿನ ಗಾಡಿಯ ಗುಂಬಕ್ಕೆ ಅಚ್ಚು ಸರಿಯಾಗಿ ಕೂರಬೇಕಾದಂತೆ ಇಲ್ಲಿಯೂ ಗಾಲಿಯ ನಡುಗಂಡಿಯೊಳಗೆ ಹಬ್ಬಿನ, ಎಂದರೆ ಗಾಲಿಯನ್ನು ಹೊತ್ತು ತಿರುಗುವ ಭಾಗದ, ಮೂತಿ ಕೂರಬೇಕು. ಮಾರುತಿಯ ಹಲವು ಚಿಕ್ಕ ಕಾರುಗಳ ಹಬ್ಬಿನ ಅಳತೆ 54.1 ಮಿಲಿಮೀಟರ್, ಲೋಗನ್ ಕಾರಿನ ಗಾಲಿಯ ನಡುಗಂಡಿ 60.1. ಎರಡರ ಪಿಸಿಡಿಯೂ ಒಂದೇ ಆದುದರಿಂದ ನಟ್ಟುಗಳು ನಗುನಗುತ್ತ ಒಳಗೆ ಹೋಗುತ್ತವೆ, ಸುತ್ತಲೂ ಮೂರು ಮಿಲಿಮೀಟರ್ ಖಾಲಿ ಉಳಿಯುತ್ತದೆ, ಮತ್ತು ಗಾಲಿಯನ್ನು ನಡುವಿಗೆ ತರುವ ಹೊಣೆಯೆಲ್ಲ ನಟ್ಟುಗಳ ಇಳಿಜಾರು ಅಂಚಿನ ಮೇಲೆ ಬೀಳುತ್ತದೆ. ಕಾರನ್ನು ಜಾಕಿನ ಮೇಲಿರಿಸಿಯೇ ಎದುರುಬದುರು ನಟ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಸಿದರೆ ಆ ಹೊಣೆ ನೆರವೇರುತ್ತದೆ. ಗ್ಯಾರೇಜಿನ ಹುಡುಗನು ಗಾಳಿಯ ಗನ್ ಹಿಡಿದು ಒಂದೊಂದನ್ನೂ ಕೊನೆಮುಟ್ಟ ಬಿಗಿದರೆ ಗಾಲಿ ಕೂದಲೆಳೆಯಷ್ಟು ಓರೆಯಾಗಿ ಕೂತು, ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಸೊನ್ನೆ ತೋರಿಸಿದ್ದು ರಸ್ತೆಯಲ್ಲಿ ಕುಣಿಯುತ್ತದೆ. ಅಂತರವನ್ನು ತುಂಬಲು ಹಬ್ ರಿಂಗ್ ಎಂಬ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬಳೆಗಳುಂಟು. ಗಾಲಿಗೆ ಸಾವಿರಗಟ್ಟಲೆ ಸುರಿದವರು ಈ ಬಳೆಯ ವಿಷಯದಲ್ಲಿ ಮಾತ್ರ ಹಠಾತ್ತನೆ ಮಿತವ್ಯಯಿಗಳಾಗುತ್ತಾರೆ. ಹಬ್ಬಿನ ಮುಖದಲ್ಲಿ ತುಕ್ಕಿನ ಚಕ್ಕೆಯೊಂದು ಉಳಿದಿದ್ದರೂ ಇದೇ ಓರೆಯುಂಟಾಗುತ್ತದೆ. ಅದಕ್ಕೆ ಮದ್ದು ಎಮರಿ ಕಾಗದದ ಒಂದು ತುಂಡು.

ಇನ್ನು ಗುಂಯ್ಯ್ ಎಂಬ ಅವ್ಯಯದ ವಿಚಾರ. ಇದಕ್ಕೆ ಅರ್ಥ ಎರಡು: ಬೇರಿಂಗ್ ಸವೆದಿದೆ ಎಂಬುದೊಂದು, ಟೈರು ಅಲೆಯಲೆಯಾಗಿ ಸವೆದಿದೆ ಎಂಬುದು ಮತ್ತೊಂದು. ಉಚಿತವಾಗಿ ಬಂದ ಟೈರಿನ ಪಕ್ಕೆಯಲ್ಲಿ 2316 ಎಂದಿದ್ದರೆ ಅದು 2016ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದೆಂದು ತಿಳಿಯಬೇಕು. ಮತ್ತೊಬ್ಬರ ಕಾರಿನ ಕೆಟ್ಟ ಅಲೈನ್‌ಮೆಂಟಿನಲ್ಲಿ ವರ್ಷಾನುಗಟ್ಟಲೆ ಸವೆದ ಅದರ ಗುಬ್ಬಗಳು ಹೊಸ ಕಾರಿಗೆ ಬಂದು ಹಳೆಯ ಕಥೆಯನ್ನೇ ಹಾಡುತ್ತವೆ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ರಾಗ ಬದಲಾದರೆ ಟೈರು, ಬದಲಾಗದಿದ್ದರೆ ಬೇರಿಂಗ್ ಎಂಬುದು ಒಂದು ಪರೀಕ್ಷೆ. ಸುಮಾರು 42 ಕಿಲೋಮೀಟರ್ ಉದ್ದದ ವರ್ತುಲ ರಸ್ತೆಯ ತಿರುವಿನಲ್ಲಿ ಕಾರನ್ನು ಬಲಕ್ಕೆ ಹೊರಳಿಸಿದಾಗ ಭಾರವು ಎಡಗಾಲಿಗಳ ಮೇಲೆ ಬೀಳುವುದರಿಂದ, ಆಗ ಸದ್ದು ಏರಿದರೆ ಎಡಗಡೆಯ ಬೇರಿಂಗನ್ನು ಶಂಕಿಸಬೇಕೆಂಬುದು ಇನ್ನೊಂದು. ಟಿಕ್ ಟಿಕ್ ಎಂದರೆ ಟೈರಿನ ಗೀರಿಗೆ ಸಿಕ್ಕಿದ ಜಲ್ಲಿಕಲ್ಲು. ಇದೊಂದೇ ಖರ್ಚಿಲ್ಲದೆ ಗುಣವಾಗುವ ರೋಗವಾದರೂ ಯಾರ ಕಾರಿಗೂ ಬೇಕೆಂದಾಗ ಬರುವುದಿಲ್ಲ.

ಸದ್ದಿನ ವಿಚಾರದಲ್ಲಿ ಮೈಸೂರಿಗೆ ಸಲಹೆಗಾರರ ಬರವಿಲ್ಲ. 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳ ಸದ್ದನ್ನು ಕೇಳಿಯೇ ಬೀದಿಯ ತುದಿಯಲ್ಲಿ ಬರುತ್ತಿರುವವರು ಯಾರೆಂದು ಹೇಳಬಲ್ಲ ಕಿವಿಗಳು ಇನ್ನೂ ಊರಿನಲ್ಲಿವೆ. 1997ರಲ್ಲಿ ಜೆಕೆ ಟೈರ್ ವಹಿಸಿಕೊಂಡ ವಿಕ್ರಾಂತ್ ಟೈರಿನ ಊರಾದುದರಿಂದ ರಬ್ಬರಿನ ವಿಷಯದಲ್ಲಿಯೂ ಎರಡು ಮಾತು ಆಡಬಲ್ಲವರು ವಾಯುವಿಹಾರದಲ್ಲಿ ಸಿಕ್ಕೇ ಸಿಗುತ್ತಾರೆ. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇಲ್ಲಿಯೇ ಇದೆ. ಕಾರಿನ ಸದ್ದು ತನಗೆ ಕೇಳಿಸುತ್ತಿಲ್ಲವೆಂದು ಸಾಧಿಸುವ ಗೃಹಸ್ಥನಿಗೆ ಅಲ್ಲಿಗೆ ಹೋಗಿ ಬರುವಂತೆ ಮನೆಯವರು ಸೂಚಿಸಿದರೆ ತಪ್ಪೆನ್ನಲಾಗದು.

ಕೊನೆಗೆ ನಿರ್ಣಯ ನಡೆಯುವುದು ಗ್ಯಾರೇಜಿನ ನೆಲದ ಮೇಲೆ. ಮೆಕ್ಯಾನಿಕ್ಕನು ಜಾಕು ಏರಿಸಿ, ಗಾಲಿಯ ನೆತ್ತಿಗೂ ಬುಡಕ್ಕೂ ಕೈಯಿಟ್ಟು ಅಲ್ಲಾಡಿಸುತ್ತಾನೆ. ಲೊಡಲೊಡ ಎಂದಿದ್ದರೆ ಬೇರಿಂಗ್ ಹೋದಂತೆ, ಎನ್ನದಿದ್ದರೆ ಮುಂದಿನ ಹಂತ. ಇಟ್ಟಿಗೆಯೊಂದರ ಮೇಲೆ ಸ್ಕ್ರೂಡ್ರೈವರನ್ನು ಮಲಗಿಸಿ, ಅದರ ತುದಿಯನ್ನು ರಿಮ್ಮಿನ ಒಳಅಂಚಿಗೆ ಎಳ್ಳಿನಷ್ಟು ದೂರದಲ್ಲಿ ಹಿಡಿದು, ಎಡಗೈಯಿಂದ ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತಾನೆ. ಅರ್ಧ ಸುತ್ತಿನವರೆಗೆ ಎಳ್ಳಿನ ಸಂದು ಹಾಗೆಯೇ ಇರುತ್ತದೆ. ಆಮೇಲೆ ಕಿರಿದಾಗುತ್ತದೆ, ಮುಚ್ಚುತ್ತದೆ, ಕಿರ್ರ್ ಎನ್ನುತ್ತದೆ, ಮತ್ತೆ ತೆರೆಯುತ್ತದೆ. ಕಿರ್ರೆಂದ ಕಡೆ ಸೀಮೆಸುಣ್ಣದ ಗೀರೆಳೆದು, ಎರಡನೆಯ ಸುತ್ತಿನಲ್ಲಿಯೂ ಅಲ್ಲಿಯೇ ಕಿರ್ರೆನ್ನಿಸಿ, "ಒಳಗಡೆ ಬೆಂಡ್ ಐತೆ ಸಾರ್, ಹೊರಗಡೆ ಕಾಣಲ್ಲ" ಎನ್ನುತ್ತಾನೆ. ಬಾಗಿದ ಗಾಲಿಗೆ ಬ್ಯಾಲೆನ್ಸಿಂಗಿನ ಸೀಸವನ್ನು ಎಷ್ಟು ಅಂಟಿಸಿದರೂ ತೂಕ ಸರಿಹೋದೀತೇ ಹೊರತು ದುಂಡುತನ ಬರದು. ಅನುಕರಣಾವ್ಯಯಗಳೆಲ್ಲ ಮುಗಿದು ಗೃಹಸ್ಥನು ಮೌನಿಯಾಗುವುದು ಆಗಲೇ.

ನಿರ್ಣಯವನ್ನು ಖಚಿತಪಡಿಸುವ ಸಾಕ್ಷಿಯು ಡಿಕ್ಕಿಯಲ್ಲಿಯೇ ಮಲಗಿರುತ್ತದೆ. ವೇಲ್ಸ್ ದೇಶದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿ, ತನ್ನ ಬೀದಿಯ ಹೆಸರನ್ನು ಭಾರತಕ್ಕೆ ಬಿಟ್ಟುಕೊಟ್ಟ ಸ್ಟೆಪ್ನಿಯು, ಚೌಕಾಸಿಯ ಗಾಳಿ ಸೋಕದೆ ಉಳಿದ ಕಂಪನಿಯ ಐದನೆಯ ಗಾಲಿ. ಟೈರಿನ ಅಳತೆ ಒಂದೇ ಆಗಿದ್ದಲ್ಲಿ, ಶಂಕಿತ ಗಾಲಿಯನ್ನು ಕಳಚಿ ಆ ಜಾಗದಲ್ಲಿ ಇದನ್ನು ಹಾಕಿ ಓಡಿಸಿದರೆ, ಅದು ಇದ್ದಾಗ ನಡುಕ ಇತ್ತು, ಇಲ್ಲದಾಗ ಇಲ್ಲ ಎಂಬ, ತಾರ್ಕಿಕರು ಅನ್ವಯ–ವ್ಯತಿರೇಕವೆನ್ನುವ ಪ್ರಮಾಣ ಒಂದೇ ಟೋಲಿನಲ್ಲಿ ದೊರೆಯುತ್ತದೆ.

ಹೀಗೆ ಗೆದ್ದ ಸ್ಟೆಪ್ನಿಯನ್ನು ಮತ್ತೆ ಬಿಚ್ಚುವ ಮನಸ್ಸು ಯಾರಿಗೂ ಬರುವುದಿಲ್ಲ. ಬಾಗಿದ ಅಲಾಯ್ ಡಿಕ್ಕಿಯಲ್ಲಿ ನಿಶ್ಶಬ್ದವಾಗಿ ಮಲಗುತ್ತದೆ. ಹಿಂದಿನ ಎಡಗಡೆ ಕಪ್ಪು ಡಿಸ್ಕು, ಉಳಿದ ಮೂರು ಕಡೆ ಹೊಳೆಯುವ ಕಡ್ಡಿಗಳು. ಅಂದಿನಿಂದ ಆ ಕಾರು ಸರಸ್ವತಿಪುರಂನ ಮನೆಯ ಮುಂದೆ ಎಡಮಗ್ಗುಲು ಕಾಂಪೌಂಡಿಗೆ ತಾಗುವಂತೆಯೇ ನಿಲ್ಲುತ್ತದೆ, ಅದಕ್ಕಾಗಿ ದಿನವೂ ಬೀದಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬರಬೇಕಾದರೂ ಸರಿಯೇ. ಮತ್ತು ಒಂದೊಂದು ಗಾಲಿಗೆ ಎಷ್ಟು ಬಿತ್ತೆಂದು ಎದುರು ಮನೆಯವರು ಕೇಳಿದಾಗ ಮೊತ್ತವನ್ನು ಈಗಲೂ ನಾಲ್ಕರಿಂದಲೇ ಭಾಗಿಸಲಾಗುತ್ತದೆ.